ಹೊಸ ಔಷಧಿ ಬರುವವರೆಗೆ ಕಾಯಬಹುದಾ? ಕೂದಲು ಉದುರುವಿಕೆ: ಚರ್ಮರೋಗ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜಮಖಂಡಿ, 27 ವರ್ಷ):
ನಮಸ್ಕಾರ ರೀ ಮೇಡಂ. ಹಣೆಯ ಎರಡೂ ಮೂಲೆಯಲ್ಲಿ, ನೆತ್ತಿಯ ಮೇಲೆ ಕೂದಲು ತೆಳ್ಳಗಾಗುತ್ತಾ ಬಂದಿದೆ. ಅಪ್ಪ, ಸೋದರಮಾವ ಇಬ್ಬರದೂ ಬಕ್ಕ ತಲೆ. ಸ್ವಲ್ಪ ದಿನ ಮಿನಾಕ್ಸಿಡಿಲ್ ಅಂತ ತಲೆಗೆ ಹಚ್ಚುವ ಔಷಧಿ ಹಚ್ಚಿದೆ. ಇನ್ನೂ ಜಾಸ್ತಿ ಉದುರಿತು, ಬಿಟ್ಟುಬಿಟ್ಟೆ. ಈಗ ಪಿಪಿ405 ಅಂತ ಹೊಸ ಔಷಧಿ ಬರುತ್ತದೆ, ಇನ್ಮೇಲೆ ಬೋಳು ತಲೆಯೇ ಇರಲ್ಲ ಅಂತ ವಿಡಿಯೋದಲ್ಲಿ ಹೇಳುತ್ತಿದ್ದಾರೆ. ಎರಡು ಮೂರು ವರ್ಷ ಕಾಯ್ದು ಅದನ್ನೇ ತಗೊಳ್ಳಲಾ? ಮನೆಯಲ್ಲಿ ಕನ್ಯಾ ನೋಡಲು ಶುರು ಮಾಡಿದ್ದಾರೆ, ಅದಕ್ಕೇ ಚಿಂತೆ.

ಉತ್ತರ (ಚರ್ಮರೋಗ ತಜ್ಞೆ, ವಿಜಯಪುರ):
ಕಾಯಬೇಡಿ ತಮ್ಮಾ. ಮೊದಲು ತೊಂದರೆ ಏನು ಅಂತ ನೋಡೋಣ.

ಮನೆತನದಿಂದ ಬರುವ ಈ ಬಗೆಯಲ್ಲಿ ಕೂದಲು ಒಂದೇ ಸಲ ಹೋಗುವುದಿಲ್ಲ. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ದೇಹದಲ್ಲೇ ಡಿಎಚ್‌ಟಿ ಆಗಿ ಬದಲಾಗುತ್ತದೆ. ಹಣೆ ಮತ್ತು ನೆತ್ತಿಯ ಕೂದಲ ಬುಡಕ್ಕೆ ಆ ಡಿಎಚ್‌ಟಿ ಆಗಿಬರುವುದಿಲ್ಲ. ಕೊಯ್ದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಿನ ಬಗ್ಗೆ ಜಮಖಂಡಿಯವರಿಗೆ ನಾನು ಹೇಳಬೇಕಾ? ಒಂದೊಂದು ಕೂಳೆಗೂ ಕಬ್ಬು ಸಣ್ಣಗಾಗುತ್ತಾ ಹೋಗುತ್ತದಲ್ಲ, ಹಾಗೆಯೇ ಉದುರಿ ಮತ್ತೆ ಹುಟ್ಟುವ ಕೂದಲು ಪ್ರತಿ ಸಲವೂ ತೆಳು, ಗಿಡ್ಡ. ಕೊನೆಗೆ ನವಿರು ಮಾತ್ರ ಉಳಿಯುತ್ತದೆ. ಈಗಿರುವ ಔಷಧಿಗಳೂ, ಪರೀಕ್ಷೆಯಲ್ಲಿರುವ ಹೆಚ್ಚಿನವೂ ಜೀವ ಇರುವ ಬುಡದ ಮೇಲೆಯೇ ಕೆಲಸ ಮಾಡುವಂಥವು. ಇವತ್ತು ಉಳಿಸಿಕೊಂಡ ಬುಡ ನಾಳೆ ಆ ಹೊಸ ಔಷಧಿಗೂ ಬೇಕು.

ಈಗ ಪಿಪಿ405. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿದ್ದು, ತಲೆಗೆ ಹಚ್ಚುವ ಜೆಲ್. ಕೂದಲ ಬುಡದಲ್ಲಿ ನಿದ್ದೆಯಲ್ಲಿರುವ ಸ್ಟೆಮ್ ಸೆಲ್‌ಗಳು, ಅಂದರೆ ಹೊಸ ಕೂದಲು ಹುಟ್ಟಿಸುವ ಮೂಲ ಜೀವಕೋಶಗಳು, ಶಕ್ತಿ ಮಾಡಿಕೊಳ್ಳುವ ದಾರಿಯನ್ನೇ ಬದಲಿಸಿ ಅವನ್ನು ಎಬ್ಬಿಸುವುದು ಇದರ ಉದ್ದೇಶ. ಯೋಚನೆ ನಿಜಕ್ಕೂ ಹೊಸದು, ನನಗೂ ಆಸಕ್ತಿ ಇದೆ. 2025ರಲ್ಲಿ ಅದನ್ನು ತಯಾರಿಸುವ ಕಂಪನಿ ಹೇಳಿದ ಫಲಿತಾಂಶ ಹೀಗಿದೆ: ಕೂದಲು ಜಾಸ್ತಿ ಹೋಗಿದ್ದ ಗಂಡಸರಲ್ಲಿ ಶೇ. 31 ಮಂದಿಗೆ 8 ವಾರದ ಹೊತ್ತಿಗೆ ಕೂದಲ ದಟ್ಟಣೆ ಶೇ. 20ಕ್ಕಿಂತ ಹೆಚ್ಚಾಯಿತು. ಸುಳ್ಳು ಔಷಧಿ, ಅಂದರೆ ಹೋಲಿಕೆಗೆಂದು ಕೊಡುವ ಔಷಧಿ ಅಂಶವೇ ಇಲ್ಲದ ಜೆಲ್, ಹಚ್ಚಿದವರಲ್ಲಿ ಒಬ್ಬರಿಗೂ ಅಷ್ಟು ಆಗಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದು ಎರಡನೇ ಹಂತದ ಚಿಕ್ಕ ಪರೀಕ್ಷೆ. ಉಳಿದ ಶೇ. 69 ಮಂದಿಯ ಮಾತನ್ನು ವಿಡಿಯೋದವರು ಎತ್ತುವುದಿಲ್ಲ, ಅಲ್ವಾ?

ಎರಡನೇ ಹಂತದಲ್ಲಿ ಭರವಸೆ ಹುಟ್ಟಿಸಿ ಮೂರನೆಯ ಹಂತದ ದೊಡ್ಡ ಪರೀಕ್ಷೆಯಲ್ಲಿ ಬಿದ್ದ ಔಷಧಿಗಳಿವೆ. ಪೈರಿಲುಟಮೈಡ್ ಎಂಬ ಹಚ್ಚುವ ಔಷಧಿಯ ಬಗ್ಗೆ ಇದೇ ಥರ ಗದ್ದಲ ಇತ್ತು. 2023ರಲ್ಲಿ ಚೀನಾದ ಮೂರನೇ ಹಂತದ ಪರೀಕ್ಷೆಯಲ್ಲಿ ಅದಕ್ಕೂ ಸುಳ್ಳು ಔಷಧಿಗೂ ಗಟ್ಟಿ ವ್ಯತ್ಯಾಸ ಕಾಣಲಿಲ್ಲ.

ನನ್ನನ್ನು ಕೇಳಿದರೆ ಪಿಪಿ405ಕ್ಕಿಂತ ನಮ್ಮ ಕೈಗೆ ಸಿಗಲು ಹತ್ತಿರ ಇರುವುದು ಕ್ಲಾಸ್ಕೋಟೆರೋನ್ ಎಂಬ ಹಚ್ಚುವ ಔಷಧಿ. ಇದರ ಶೇ. 1ರ ಕ್ರೀಮಿಗೆ ಮೊಡವೆಗಾಗಿ ಅಮೆರಿಕದಲ್ಲಿ 2020ರಲ್ಲೇ ಒಪ್ಪಿಗೆ ಸಿಕ್ಕಿದೆ. ಕೂದಲಿಗೆ ಶೇ. 5ರ ದ್ರಾವಣ. ಡಿಎಚ್‌ಟಿ ಬಂದು ಕೂರುವ ಜಾಗವನ್ನು ಚರ್ಮದಲ್ಲೇ ಅಡ್ಡಗಟ್ಟುತ್ತದೆ, ರಕ್ತಕ್ಕೆ ಸೇರಿದ್ದು ಬೇಗ ಕರಗಿಹೋಗುತ್ತದೆ. ಮೂರನೇ ಹಂತದ ಫಲಿತಾಂಶ ಒಳ್ಳೆಯದಿದೆ ಎಂದು ಕಂಪನಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೋಲಿಕೆ ಮಾಡಿದ್ದು ಸುಳ್ಳು ಔಷಧಿಯ ಜೊತೆ, ಮಿನಾಕ್ಸಿಡಿಲ್ ಜೊತೆ ಅಲ್ಲ. ಇದನ್ನು ನೆನಪಿಡಿ.

ನಿಮ್ಮ ಮಿನಾಕ್ಸಿಡಿಲ್ ವಿಷಯ. ಶುರುವಿನಲ್ಲಿ ಜಾಸ್ತಿ ಉದುರುವುದು ಮಾಮೂಲು. ಹಳೆ ಕೂದಲನ್ನು ತಳ್ಳಿ ಹೊಸದು ಬರುತ್ತದೆ. ಬಹಳ ಮಂದಿ ಅದೇ ಹೊತ್ತಿಗೆ ಹೆದರಿ ಬಿಡುತ್ತಾರೆ. ಗುಣ ಕಾಣಲು 4ರಿಂದ 6 ತಿಂಗಳು ಬೇಕು. ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಹುಷಾರು, ಅದು ನೆಕ್ಕಿದರೆ ಜೀವಕ್ಕೇ ಅಪಾಯ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಅದೇ ವ್ಯಕ್ತಿ:
ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಗುಳಿಗೆ ತಗೊಂಡರೆ ಗಂಡಸುತನ ಹೋಗುತ್ತೆ ಅಂತಾರೆ. ಮದುವೆ ಮುಂದಿಟ್ಟುಕೊಂಡು ಹೇಗೆ ತಗೊಳ್ಳಲಿ ಮೇಡಂ?

ಉತ್ತರ:
ಕೇಳಿದ್ದು ಒಳ್ಳೆಯದಾಯಿತು. ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ ಕೆಲವರಿಗೆ ಆಗುತ್ತದೆ. ಹೆಚ್ಚಿನವರಿಗೆ ಆಗುವುದಿಲ್ಲ. ಆದವರಲ್ಲಿ ಸಾಮಾನ್ಯವಾಗಿ ಗುಳಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ, ಕೆಲವರಿಗೆ ಬಿಟ್ಟ ಮೇಲೂ ಉಳಿದ ವರದಿಗಳಿವೆ. ಮನಸ್ಸಿನ ಕಡೆಯೂ ಗಮನ ಇರಲಿ. ಆತ್ಮಹತ್ಯೆಯ ಯೋಚನೆ ಬರುವುದು ಇದರ ಅಡ್ಡಪರಿಣಾಮ ಎಂದು ಯುರೋಪಿನ ಔಷಧಿ ಸಂಸ್ಥೆ 2025ರಲ್ಲಿ ಖಚಿತಪಡಿಸಿದೆ. ಮೊದಲೇ ಖಿನ್ನತೆ ಇದ್ದವರು ವೈದ್ಯರಿಗೆ ಹೇಳಲೇಬೇಕು. ಈ ಗುಳಿಗೆ ತಗೊಳ್ಳುವಾಗ, ಬಿಟ್ಟ ಮೇಲೆ ಒಂದು ತಿಂಗಳವರೆಗೂ ರಕ್ತದಾನ ಮಾಡಬೇಡಿ. ಆ ರಕ್ತ ಬಸುರಿಗೆ ಹೋದರೆ ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆ. ಹೆದರಿಕೆ ಇದ್ದರೆ ಮಿನಾಕ್ಸಿಡಿಲ್ ಒಂದರಿಂದಲೇ ಶುರು ಮಾಡಿ. ಯಾರ ಬಲವಂತವೂ ಇಲ್ಲ.

ಪ್ರಶ್ನೆ (ಬೆಳಗಾವಿ, ಮಹಿಳೆ, 34):
ಡೆಂಗ್ಯೂ ಆಗಿ ಎರಡೂವರೆ ತಿಂಗಳಾಯಿತು. ತಲೆ ಬಾಚಿದರೆ ಮುಷ್ಟಿ ಮುಷ್ಟಿ ಬರುತ್ತಿದೆ. ಒಂದು ಕ್ಲಿನಿಕ್‌ನಲ್ಲಿ ಎಕ್ಸೋಸೋಮ್ ಇಂಜೆಕ್ಷನ್ ಪ್ಯಾಕೇಜ್ ತಗೊಳ್ಳಿ, ಇದೇ ಮುಂದಿನ ಕಾಲದ ಚಿಕಿತ್ಸೆ ಅಂದರು. ಅರ್ಧ ದುಡ್ಡು ಈಗಲೇ ಕಟ್ಟಬೇಕಂತೆ.

ಉತ್ತರ:
ಕಟ್ಟಬೇಡಿ ಅಕ್ಕಾ. ಎಕ್ಸೋಸೋಮ್ ಅಂದರೆ ಜೀವಕೋಶಗಳು ಹೊರಗೆ ಬಿಡುವ ಅತಿ ಸಣ್ಣ ಚೀಲಗಳು, ನಿಮಗೆ ಅದರ ಅಗತ್ಯ ಇಲ್ಲ. ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವುಗಳ ನಂತರ ತುಂಬಾ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಬುಡ ಹಾಳಾಗಿರುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು ತಾನಾಗಿ ಬೆಳೆಯುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂಬುದು) ಪರೀಕ್ಷೆ ಮಾಡಿಸಿ. ಊಟದಲ್ಲಿ ಬೇಳೆ, ಕಾಳು, ಮೊಟ್ಟೆ ಜಾಸ್ತಿ ಮಾಡಿ. ಈಗ ಇಂಜೆಕ್ಷನ್ ತಗೊಂಡರೆ ತಾನಾಗಿ ಬರುವ ಕೂದಲಿನ ಹೆಸರು ಕ್ಲಿನಿಕ್‌ಗೆ ಹೋಗುತ್ತದೆ, ಅಷ್ಟೇ. ಅಮೆರಿಕದ ಔಷಧಿ ಸಂಸ್ಥೆ ಕೂದಲಿಗೆ ಅಂತ ಒಂದೇ ಒಂದು ಎಕ್ಸೋಸೋಮ್ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಪ್ರಶ್ನೆ (ಇಂಡಿ):
ಬೋರಿನ ಸವಳು ನೀರಿನಿಂದ ಬೋಳಾಗುತ್ತಾ?

ಉತ್ತರ:
ಇಲ್ಲ. ಕೂದಲು ಒರಟಾಗಿ ನಡುವೆ ತುಂಡಾಗುತ್ತದೆ, ಬುಡಕ್ಕೆ ಏನೂ ಆಗುವುದಿಲ್ಲ. ಹೆಲ್ಮೆಟ್‌ನಿಂದಲೂ ಬೋಳಾಗುವುದಿಲ್ಲ, ದಯವಿಟ್ಟು ಹಾಕಿಕೊಳ್ಳಿ.

ಪ್ರಶ್ನೆ (ಮುಧೋಳ):
ಮಗಳಿಗೆ 14 ವರ್ಷ. ತಲೆಯಲ್ಲಿ ರೂಪಾಯಿ ಗಾತ್ರದ ಎರಡು ಜಾಗ ನುಣ್ಣಗೆ ಬೋಳಾಗಿವೆ. ಹುಳ ತಿಂದಿದೆ, ಬೆಳ್ಳುಳ್ಳಿ ಅರೆದು ಹಚ್ಚು ಅಂತಾರೆ ನಮ್ಮ ಅತ್ತೆ.

ಉತ್ತರ:
ಹುಳ ಇಲ್ಲ ತಂಗಿ. ಬೆಳ್ಳುಳ್ಳಿಯಿಂದ ಚರ್ಮ ಸುಟ್ಟು ಗಾಯ ಆಗುತ್ತದೆ. ನೀವು ಹೇಳಿದ್ದು ಅಲೋಪೀಸಿಯಾ ಅರೆಯಾಟಾ ಥರ ಕಾಣುತ್ತದೆ, ಆದರೂ ಕಣ್ಣಾರೆ ನೋಡಿಯೇ ಹೇಳಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಕೂದಲ ಬುಡದ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಒಂದೆರಡು ಜಾಗ ಇದ್ದರೆ ಹಚ್ಚುವ ಔಷಧಿ, ಬೇಕಾದರೆ ಅದೇ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಸಾಕಾಗುತ್ತದೆ. ಎಷ್ಟೋ ಸಲ ತಾನಾಗಿಯೂ ಬರುತ್ತದೆ.

ನಿಜವಾದ ಹೊಸ ಕಾಲ ಬಂದಿರುವುದು ಈ ಕಾಯಿಲೆಗೇ. ತಲೆಯ ತುಂಬಾ ಹರಡಿದವರಿಗೆ ಅಮೆರಿಕದಲ್ಲಿ 2022ರಲ್ಲಿ ಬ್ಯಾರಿಸಿಟಿನಿಬ್, 2023ರಲ್ಲಿ 12 ವರ್ಷ ದಾಟಿದ ಮಕ್ಕಳಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್, 2024ರಲ್ಲಿ ಡ್ಯೂರುಕ್ಸೋಲಿಟಿನಿಬ್ ಒಪ್ಪಿಗೆ ಪಡೆದವು. ಕೋವಿಡ್ ಹೊತ್ತಿನಲ್ಲಿ ಬ್ಯಾರಿಸಿಟಿನಿಬ್ ಹೆಸರು ನೀವು ಕೇಳಿರಬಹುದು. ಇವು ಸೋಂಕಿನ ವಿರುದ್ಧದ ಶಕ್ತಿ ತಗ್ಗಿಸುತ್ತವೆ, ಕ್ಷಯ ಇದೆಯಾ ಅಂತ ಪರೀಕ್ಷೆ ಮಾಡದೆ ಶುರು ಮಾಡುವಂತಿಲ್ಲ. ನಿಮ್ಮ ಮಗಳಿಗೆ ಸದ್ಯಕ್ಕೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗಕ್ಕೆ ತೋರಿಸಿ.

ಪ್ರಶ್ನೆ (ಬಾಗಲಕೋಟೆ, 52):
ಡಾಕ್ಟ್ರೇ, ನನ್ನ ತಲೆ ನುಣ್ಣಗಾಗಿ ಹದಿನೈದು ವರ್ಷ ಆಯ್ತು. ನಮ್ಮಂಥವರಿಗೆ ಏನೂ ಬರಲ್ವಾ? ಕೂದಲು ಕ್ಲೋನ್ ಮಾಡ್ತಾರಂತಲ್ಲ?

ಉತ್ತರ:
ಅಣ್ಣಾ, ಕ್ಲೋನಿಂಗ್ ಮಾತು ತುಂಬಾ ವರ್ಷದಿಂದ ಇದೆ. ತೊಡಕು ಏನೆಂದರೆ, ಕೂದಲ ಬುಡದ ಜೀವಕೋಶ ತೆಗೆದು ಲ್ಯಾಬಿನಲ್ಲಿ ಬೆಳೆಸಿದರೆ ಅವು ಕೂದಲು ಹುಟ್ಟಿಸುವ ಗುಣವನ್ನೇ ಕಳೆದುಕೊಳ್ಳುತ್ತವೆ. 2013ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಚಿಕ್ಕ ಉಂಡೆಯಂತೆ ಬೆಳೆಸಿ ಆ ಗುಣವನ್ನು ಸ್ವಲ್ಪ ಮಟ್ಟಿಗೆ ಉಳಿಸಿ ತೋರಿಸಿದರು. 2022ರಲ್ಲಿ ಜಪಾನಿನಲ್ಲಿ ಇಲಿಯ ಜೀವಕೋಶಗಳಿಂದ ಲ್ಯಾಬಿನಲ್ಲೇ ಕೂದಲು ಬೆಳೆಸಿದರು. ಮನುಷ್ಯರ ತಲೆಯ ಮೇಲೆ, ಸರಿಯಾದ ದಿಕ್ಕಿಗೆ, ವರ್ಷಗಟ್ಟಲೆ ಬೆಳೆಯುವಂತೆ ಮಾಡುವುದು ಬೇರೆಯೇ ಕೆಲಸ. ನಾನಂತೂ ನಿಮಗೆ ಅದರ ಆಸೆ ಹಚ್ಚುವುದಿಲ್ಲ.

ಕಸಿ ಮಾಡಿಸಬಹುದು. ಹಿಂದಲೆಯ ಕೂದಲಿಗೆ ಡಿಎಚ್‌ಟಿ ಕಾಟ ಕಡಿಮೆ, ಅದನ್ನೇ ತೆಗೆದು ಮುಂದೆ ನೆಡುತ್ತಾರೆ. ಹೊಸ ಕೂದಲೇನೂ ಹುಟ್ಟುವುದಿಲ್ಲ, ಇದ್ದದ್ದೇ ಜಾಗ ಬದಲಿಸುತ್ತದೆ. ಹಾಗಾಗಿ ಹಿಂದೆ ಎಷ್ಟು ಇದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮಾಡುವವರು ತರಬೇತಿ ಪಡೆದ ವೈದ್ಯರಾ, ಟೆಕ್ನಿಷಿಯನ್ನಾ ಅಂತ ನೇರವಾಗಿ ಕೇಳಿ. ಸುಮ್ನೆ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆದು ಹೇಳಿದೆ. ಸಕ್ಕರೆ, ಬಿಪಿ ಇದ್ದರೆ ಮೊದಲು ಅವನ್ನು ಹಿಡಿತಕ್ಕೆ ತನ್ನಿ. ಹಿಂದಲೆಯ ಒಂದು ಫೋಟೋ ಕಳಿಸಿ, ಕಸಿಗೆ ಸಾಕಾಗುವಷ್ಟು ಇದೆಯಾ ನೋಡಿ ಹೇಳುತ್ತೇನೆ.