ಸಹಾಯ ಬೇಕು: ಗೇಮಿಂಗ್ ಗುಂಪಿಗೆ ಎಷ್ಟು ವಯಸ್ಸು ಇಡೋಣ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವನು. ಆಡುತ್ತಾ ಮಾತಾಡಲು, ಚಾಟ್ ಮಾಡಲು ಬಳಸುವ ಆ್ಯಪ್ ಡಿಸ್ಕಾರ್ಡ್‌ನಲ್ಲಿ ನಮ್ಮೂರವರದ್ದೊಂದು ಗೇಮಿಂಗ್ ಗುಂಪು ನಡೆಸುತ್ತಿದ್ದೇನೆ. ಕುಂಬಳೆ, ಪೆರ್ಲ, ಮಂಜೇಶ್ವರ ಕಡೆಯ 70 ಮಂದಿ ಇದ್ದಾರೆ. ಕನ್ನಡ, ತುಳು, ಮಲಯಾಳ ಎಲ್ಲ ಸೇರಿದ ಗಲಾಟೆ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಬ್ಬನ ಮೈಕಿನಲ್ಲಿ ಅವನ ಅಮ್ಮನ ದನಿ ಕೇಳಿತು. "ನಾಳೆ ಓಣಂ ಪರೀಕ್ಷೆ ಉಂಟಲ್ಲಾ, ಮಲಗುವುದಿಲ್ವಾ ನೀನು?" ಪ್ಲಸ್ ಟು ಹುಡುಗ ಅಂದುಕೊಂಡಿದ್ದೆವು. ಕೇಳಿದರೆ ಆರನೇ ಕ್ಲಾಸು! ಸ್ವಲ್ಪ ಮೊದಲಷ್ಟೇ ಸೋತ ಸಿಟ್ಟಿಗೆ ದೊಡ್ಡವರೊಬ್ಬರು ಬಾಯಿಗೆ ಬಂದಂತೆ ಬೈದಿದ್ದರು. ಆ ಮಗು ಎಲ್ಲ ಕೇಳಿಸಿಕೊಂಡಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಡಿಸ್ಕಾರ್ಡ್ ನಿಯಮದ ಪ್ರಕಾರ ಕನಿಷ್ಠ 13 ವರ್ಷ ಆಗಿರಬೇಕು. ಆದರೆ ಹುಟ್ಟಿದ ಇಸವಿ ಸುಳ್ಳು ಹಾಕಲು ಎಷ್ಟು ಹೊತ್ತು ಬೇಕು, ಅಲ್ವಾ? ನಮ್ಮ ದೇಶದ 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ನಾವೂ 18 ಇಟ್ಟರೆ ಅರ್ಧ ಗುಂಪು ಖಾಲಿ. ಚೆನ್ನಾಗಿ ಆಡುವವರೂ ಅವರೇ! ನನಗೆ 16 ಸರಿ ಅನಿಸುತ್ತದೆ. ಆಧಾರ್ ಕೇಳುವುದಕ್ಕೆ ಮಾತ್ರ ಮನಸ್ಸಿಲ್ಲ. ಮಕ್ಕಳ ದಾಖಲೆ ನನ್ನ ಫೋನಿನಲ್ಲಿ ಯಾಕೆ ಸುಮ್ನೆ? ಮನೆಯವರಿಗೆ ಒಂದು ಫೋನ್ ಮಾಡಿದರೆ ಸಾಕಾ?

ಇಂಥ ಗುಂಪು ನಡೆಸುವವರು ಇದ್ದರೆ ದಯವಿಟ್ಟು ಹೇಳಿ. 13 ದಾಟಿದ ಚಿಕ್ಕವರಿಗೆ ಬೇರೆ ಚಾನೆಲ್ ಮಾಡಿ, ರಾತ್ರಿ ಒಂಬತ್ತಕ್ಕೆ ಮುಚ್ಚುವ ಕ್ರಮ ಯಾರಾದರೂ ಮಾಡಿದ್ದೀರಾ?

ಆ ಹುಡುಗನನ್ನು ತೆಗೆಯಲೇಬೇಕು, ಗೊತ್ತು. ಆದರೆ ದಿನಾ "ಅಣ್ಣಾ, ಇವತ್ತು ಆಟ ಉಂಟಾ?" ಅಂತ ಮೆಸೇಜ್ ಹಾಕುತ್ತಾನೆ. ಅವನಿಗೆ ಹೇಗೆ ಹೇಳುವುದು?