ಬೇಳೆಕಾಳು ಬಿಟ್ಟು ಕುಂಬಳಬೀಜವನ್ನೇ ನೆಚ್ಚಿಕೊಳ್ಳಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ತೂಕ 60 ಕೆ.ಜಿ.; ಮಾಂಸ, ಮೊಟ್ಟೆ ತಿನ್ನುವುದಿಲ್ಲ. 100 ಗ್ರಾಂ ಕುಂಬಳಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ, ಬೇಯಿಸಿದ ಮಸೂರದಲ್ಲಿ 9 ಗ್ರಾಂ ಮಾತ್ರ ಎಂದು ಓದಿದ ಮೇಲೆ, ಬೇಳೆಕಾಳುಗಳ ಬದಲು ಕುಂಬಳ, ಸೂರ್ಯಕಾಂತಿ, ಅಗಸೆ ಬೀಜಗಳನ್ನೇ ತಿಂದರೆ ಸಾಲದೇ ಎಂಬ ಯೋಚನೆ ಬಂದಿದೆ. ತಮ್ಮ ಸಲಹೆ ಬೇಕು.

ಉತ್ತರ (ಆಹಾರತಜ್ಞೆ): ನಮಸ್ಕಾರ. ನೀವು ಓದಿದ ಅಂಕಿಗಳು ಸರಿಯಾಗಿವೆ, ಹೋಲಿಕೆ ಸರಿಯಿಲ್ಲ. ಒಂದು ಒಣಬೀಜ, ಇನ್ನೊಂದು ನೀರು ಹೀರಿ ಬೆಂದ ಕಾಳು. ಬೇಯಿಸದ ಮಸೂರದಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಇದಕ್ಕಿಂತಲೂ ನೀವು ಗಮನಿಸಬೇಕಾದದ್ದು ಪ್ರೋಟೀನಿನ ಜೊತೆಗೆ ಬರುವ ಕೊಬ್ಬನ್ನು. ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ ಎಂಬ ಲೆಕ್ಕದಲ್ಲಿ ನಿಮಗೆ ದಿನಕ್ಕೆ 48 ಗ್ರಾಂ ಪ್ರೋಟೀನ್ ಬೇಕು. ಅಷ್ಟನ್ನೂ ಕುಂಬಳಬೀಜದಿಂದಲೇ ಪಡೆಯಹೊರಟರೆ, ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, 900ರ ಸುಮಾರಿಗೆ ಕ್ಯಾಲೊರಿ ಸೇರುತ್ತದೆ.

ಇನ್ನು ಗುಣದ ಮಾತು. ಸೂರ್ಯಕಾಂತಿ, ಎಳ್ಳು, ಅಗಸೆಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಕಡಿಮೆ, ಧಾನ್ಯಗಳಲ್ಲಿಯೂ ಅದರದೇ ಕೊರತೆ. ಆದ್ದರಿಂದ ಧಾನ್ಯದ ಊಟಕ್ಕೆ ಬರೀ ಈ ಬೀಜಗಳನ್ನು ಸೇರಿಸಿದರೆ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ. ಅದನ್ನು ತುಂಬುವವು ಬೇಳೆಕಾಳುಗಳು. ಅವುಗಳಲ್ಲಿ ಕಡಿಮೆಯಿರುವ ಮಿಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಎಳ್ಳಿನಲ್ಲಿ ಧಾರಾಳವಾಗಿದೆ. ಎರಡನ್ನೂ ಒಂದೇ ಹೊತ್ತಿಗೆ ತಿನ್ನಬೇಕೆಂದಿಲ್ಲ, ದಿನದೊಳಗೆ ಸೇರಿದರೆ ಸಾಕು. ದಯವಿಟ್ಟು ಬೇಳೆಕಾಳು ಬಿಡಬೇಡಿ. ಅದರ ಮೇಲೆ ದಿನಕ್ಕೊಂದು ಹಿಡಿ ಬೀಜ ತಿನ್ನಿ. ಸತು, ಮೆಗ್ನೀಸಿಯಂಗಳಿಗೆ ಕುಂಬಳಬೀಜ ನಿಜಕ್ಕೂ ಒಳ್ಳೆಯ ಮೂಲ.

ಮರುಪ್ರಶ್ನೆ: ಧನ್ಯವಾದ ಮೇಡಂ. ಅಗಸೆಯನ್ನು ಇಡಿಯಾಗಿ ನುಂಗುತ್ತೇನೆ. ಕಾಳುಗಳನ್ನು ನೆನೆಸಲೇಬೇಕೇ?

ಉತ್ತರ: ಅಗಸೆಯ ಸಿಪ್ಪೆ ಗಟ್ಟಿಯಾದ್ದರಿಂದ ಇಡೀ ಬೀಜ ಬಹುಮಟ್ಟಿಗೆ ಜೀರ್ಣವಾಗದೆ ಹೊರಹೋಗುತ್ತದೆ, ಪುಡಿ ಮಾಡಿ ತಿನ್ನಿ. ಪುಡಿ ಬೇಗ ಕಮಟುವುದರಿಂದ ಸ್ವಲ್ಪವೇ ಮಾಡಿ ತಂಪಿನಲ್ಲಿಡಿ. ಕಾಳುಗಳನ್ನು ನೆನೆಸುವುದರಿಂದ, ಮೊಳಕೆ ಬರಿಸುವುದರಿಂದ, ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ತಗ್ಗುತ್ತದೆ. ರಾಜ್ಮಾ ವಿಷಯದಲ್ಲಿ ಮಾತ್ರ ಸಡಿಲ ಬೇಡ: ಹಸಿಯಾಗಿ ಅಥವಾ ಅರೆಬೆಂದಂತೆ ತಿಂದರೆ ಅದರಲ್ಲಿರುವ ಲೆಕ್ಟಿನ್‌ನಿಂದ ತೀವ್ರ ವಾಂತಿ, ಭೇದಿ ಆಗಬಹುದು, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಿ. ಮೂತ್ರಪಿಂಡದ ತೊಂದರೆ ಏನಾದರೂ ಇದ್ದರೆ, ಪ್ರೋಟೀನ್ ಹೆಚ್ಚಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.