ಪದಚರ್ಚೆ: ‘ಬೆರಿಯಲ್ ರಿಜಿಸ್ಟರ್’ ಎಂದರೆ ‘ಸಮಾಧಿ ದಾಖಲೆ’ಯೇ?

ಆತ್ಮೀಯರೇ,

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಈಮ್ ಎಂಬ ಹಳ್ಳಿಯ ಚರ್ಚು ಮತ್ತು ಅದರ ಹಳೆಯ ದಾಖಲೆಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಯಾರನ್ನು ಯಾವಾಗ ಹೂಳಿದರೆಂದು ಚರ್ಚಿನವರು ಬರೆದಿಡುವ ಪುಸ್ತಕವಾದ ‘ಬೆರಿಯಲ್ ರಿಜಿಸ್ಟರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ತಿಳಿಯದೆ ಲೇಖನ ನಿಂತುಬಿಟ್ಟಿದೆ.

ಮೊದಲು ‘ಸಮಾಧಿ ದಾಖಲೆ’ ಎಂದೇ ಬರೆದೆ. ಎರಡು ಪುಟ ಮುಗಿಯುವ ಹೊತ್ತಿಗೆ ಅದು ತಪ್ಪೆನಿಸಿತು. ‘ಸಮಾಧಿ ಮಾಡಿದರು’ ಎಂಬ ಬಳಕೆ ಇದೆ, ನಿಜ. ಆದರೆ ಬರಿಯ ‘ಸಮಾಧಿ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲು, ಕಟ್ಟೆ, ಒಂದು ಜಾಗ. ಈ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಜಾಗದ ಮಾತೇ ಇರುವುದಿಲ್ಲ. ದೀಕ್ಷಾಸ್ನಾನ, ಮದುವೆ, ಶವ ಹೂಳಿದ್ದು ಇವನ್ನು ಪ್ರತಿ ಪ್ಯಾರಿಷ್‌ನಲ್ಲಿಯೂ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಬರೆದಿಡಬೇಕೆಂದು ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದ. 1813ರಿಂದ ಅಚ್ಚಾದ ನಮೂನೆ ಬಂತು. ಅದರಲ್ಲಿ ಹೆಸರು, ವಾಸಸ್ಥಳ, ಹೂಳಿದ ದಿನ, ವಯಸ್ಸು, ವಿಧಿ ನಡೆಸಿದ ಪಾದ್ರಿಯ ಹೆಸರು ಇವಕ್ಕೆ ಕಾಲಂ ಉಂಟು. ಗೋರಿ ಎಲ್ಲಿದೆ ಎಂಬುದಕ್ಕೆ ಇಲ್ಲ, ಸತ್ತ ದಿನಕ್ಕೂ ಇಲ್ಲ. ಸತ್ತ ದಿನ ಬೇಕಾದರೆ ಕಲ್ಲಿನ ಬರಹ ಹುಡುಕಬೇಕು. ಕಲ್ಲು ನಿಲ್ಲಿಸುವ ಶಕ್ತಿಯಿಲ್ಲದ ಬಡವರಿಗೆ ಉಳಿದದ್ದು ಪುಸ್ತಕದ ಆ ಒಂದು ಸಾಲು ಮಾತ್ರ.

ಈಮ್‌ನ ಕಥೆಯಲ್ಲಂತೂ ಈ ಪದ ಓದುಗರ ದಾರಿಯನ್ನೇ ತಪ್ಪಿಸುತ್ತದೆ. 1666ರಲ್ಲಿ ಪ್ಲೇಗು ಉಲ್ಬಣಿಸಿದಾಗ, ಸತ್ತವರನ್ನು ಚರ್ಚಿನ ಅಂಗಳಕ್ಕೆ ತರುವುದು ಬೇಡ, ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಹೂಳಲಿ ಎಂದು ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಊರಿನವರು ನಿಶ್ಚಯಿಸಿದರು. ಆ ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾನ್ಕಾಕ್ ಎಂಬ ತಾಯಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಹೂಳಿದಳು. ಅವರ ಹೆಸರುಗಳು ಚರ್ಚಿನ ಪುಸ್ತಕದಲ್ಲಿವೆ, ಗೋರಿಗಳು ಮಾತ್ರ ಊರಾಚೆಯ ಹೊಲದಲ್ಲಿ. ‘ಸಮಾಧಿ ದಾಖಲೆ’ ಎಂದು ಓದಿದವರು ಅವರನ್ನು ಚರ್ಚಿನ ಅಂಗಳದಲ್ಲಿ ಹುಡುಕುತ್ತಾರೆ.

‘ಅಂತ್ಯಕ್ರಿಯೆ’ ಎನ್ನೋಣವೆಂದರೆ ಅದು ದಹನಕ್ಕೂ ಸಲ್ಲುವ ಪದ. ಅದಕ್ಕಿಂತ ದೊಡ್ಡ ತೊಡಕು, ಅದರಲ್ಲಿ ವಿಧಿಯ ಅರ್ಥ ಸೇರಿಕೊಂಡಿದೆ. ಆ ತಾಯಿಯ ಪಕ್ಕದಲ್ಲಿ ಮಂತ್ರ ಹೇಳುವವರು ಯಾರಿದ್ದರು? ದೀಕ್ಷಾಸ್ನಾನವಾಗದೆ ಸತ್ತವರಿಗೂ ಆತ್ಮಹತ್ಯೆ ಮಾಡಿಕೊಂಡವರಿಗೂ ಶವಸಂಸ್ಕಾರದ ಪ್ರಾರ್ಥನೆ ಸಲ್ಲದು ಎಂದು ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕವೇ ಹೇಳುತ್ತದೆ. ಕ್ರಿಯೆಯಿಲ್ಲದೆಯೂ ಜನರನ್ನು ಹೂಳಿದ್ದಾರೆ.

‘ಹೂಳಿಕೆ’ ಎಂದು ಹೊಸದಾಗಿ ಕಟ್ಟಿದರೆ ಕೆರೆಯ ಹೂಳು ನೆನಪಾಗುತ್ತದೆ. ಕನ್ನಡ ಬೈಬಲಿನಲ್ಲಿ ‘ಹೂಣಲ್ಪಟ್ಟನು’ ಎಂಬ ರೂಪವಿದೆ. ಅದರಿಂದ ‘ಹೂಣಿಕೆ’ ಎಂದು ಮಾಡಿದರೆ ಆ ಗೊಂದಲ ತಪ್ಪುತ್ತದೆ, ಆದರೆ ಓದುಗರಿಗೆ ಅಪರಿಚಿತ. ‘ದಫನ್’ ಮುಸ್ಲಿಮರ ಸಂದರ್ಭಕ್ಕೆ ಅಂಟಿಕೊಂಡಿದೆ.

ನನ್ನ ಮನಸ್ಸು ‘ಮಣ್ಣು’ ಎಂಬಲ್ಲಿಗೇ ಮರಳುತ್ತಿದೆ. ‘ಮಣ್ಣು ಮಾಡಿದರು’, ‘ಮಣ್ಣಿಗೆ ಹೋಗಿ ಬಂದೆವು’ ಎನ್ನುವಾಗ ನಾವು ಹೇಳುವುದು ಜಾಗವನ್ನಲ್ಲ, ಜನ ಸೇರಿ ಮಾಡಿದ ಕೆಲಸವನ್ನು. ರಿಜಿಸ್ಟರಿನ ಸಾಲು ಹೇಳುವುದೂ ಅದನ್ನೇ: ಇಂಥವರನ್ನು ಇಂಥ ದಿನ ಮಣ್ಣು ಮಾಡಲಾಯಿತು. ಹಾಗಾಗಿ ‘ಮಣ್ಣು ಮಾಡಿದವರ ದಾಖಲೆ’ ಎಂದು ಬರೆಯಬೇಕೆಂದಿದ್ದೇನೆ. ಶೀರ್ಷಿಕೆಗೆ ಇದು ತೀರಾ ಆಡುಮಾತಾಯಿತು ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು, ನನಗೆ ಹಾಗೆನಿಸುವುದಿಲ್ಲ.

‘ಪ್ಯಾರಿಷ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕ್ಯಾಥೊಲಿಕರ ‘ಧರ್ಮಕೇಂದ್ರ’ ಒಳ್ಳೆಯ ಪದ, ಆದರೆ ಆಗಿನ ಇಂಗ್ಲೆಂಡಿನಲ್ಲಿ ಬಡವರ ಪೋಷಣೆಗೆ ತೆರಿಗೆ ಎತ್ತುತ್ತಿದ್ದುದೂ ಪ್ಯಾರಿಷ್‌ಗಳೇ, ಅವು ಬರಿಯ ಧರ್ಮದ ಕೇಂದ್ರಗಳಾಗಿರಲಿಲ್ಲ.

ನಿಮ್ಮ ಕಡೆಯ ಚರ್ಚುಗಳಲ್ಲಿರುವ ಇಂಥ ಪುಸ್ತಕದ ರಟ್ಟಿನ ಮೇಲೆ ಕನ್ನಡದಲ್ಲಿ ಏನೆಂದು ಬರೆದಿದೆ? ನೋಡಿದವರು ಇದ್ದಂತೆಯೇ, ಅಕ್ಷರ ತಿದ್ದದೆ, ದಯವಿಟ್ಟು ತಿಳಿಸಿ.